ಕಿವಿ ದಿಂಬಿನ ಬೇಡಿಕೆ

ಮಾರ್ಚ್ 3, ಸೋಮವಾರ

ಹನ್ನೊಂದಕ್ಕೆ ಹಾಜರಿ. ಎಲ್ಲರೂ ಸ್ವಂತ ಫೋನ್ ತೆಗೆದು ‘ಕಿವಿ ದಿಂಬು’ ಎಂದು ಹುಡುಕಿದೆವು. ಮೊದಲ ನಾಲ್ಕು ಪುಟಗಳನ್ನು — ಎರಡು ಕಿವಿಯ ಬಗ್ಗೆ, ಎರಡು ದಿಂಬಿನ ಬಗ್ಗೆ — ಕಂಡೂ ಕಾಣದವರಂತೆ ದಾಟಿ, ಐದನೆಯದಾದ, ಲೇಖನ ಇನ್ನೂ ಬರಬೇಕಿರುವ ನಮ್ಮ ಪುಟ ಒತ್ತಿ, ಮೇಲೆ ಕೆಳಗೆ ಎಳೆದಾಡಿದೆವು. ಆಸಕ್ತಿಯಿಂದ ಓದುತ್ತಿದ್ದೇವೆ ಎಂದು ಸರ್ಚ್ ಎಂಜಿನ್ ನಂಬಿ ಪುಟವನ್ನು ಮೇಲಕ್ಕೇರಿಸಬೇಕಲ್ಲ. ಓದಿದವರು, ಮಕ್ಕಳೊಂದಿಗರು, ಒಂದು ಯಂತ್ರಕ್ಕೆ ಟೋಪಿ ಹಾಕಲು ಸಾಲಾಗಿ ತಲೆ ತಗ್ಗಿಸಿ ಕೂತಿದ್ದೇವೆ. ಆಮೇಲೆ ಟೀ.

ಮಾಲೀಕನಿಗೆ ನಾವಿಟ್ಟ ಹೆಸರು ಫಸ್ಟ್ ಪೇಜ್ — ಗಿರಾಕಿಯನ್ನು ಹುಡುಕಾಟದ ಮೊದಲ ಪುಟಕ್ಕೆ ಏರಿಸುತ್ತೇನೆ ಎನ್ನುವುದೇ ಅವನ ಕಸುಬು. ನನಗಿಂತ ಹತ್ತು ವರ್ಷ ಚಿಕ್ಕವನು. ಹಾಜರಿ ಮುಗಿಸಿ ಪ್ರತಿದಿನ ಹೇಳುವ ಮಾತು: “ಜನ ಕೇಳೋದನ್ನ ಕೊಡಿ, ಅಷ್ಟೇ ವಿದ್ಯೆ.” ಈ ದಿಂಬನ್ನು ಯಾರು ಕೇಳಿದ್ದರು?

ನನ್ನ ಕೆಲಸ ಕೀವರ್ಡ್ ಹುಡುಕುವುದು. ಹೆಚ್ಚು ಜನ ಕೇಳುವ, ಕಡಿಮೆ ಜನ ಉತ್ತರಿಸಿರುವ ಪ್ರಶ್ನೆಯನ್ನು, ಹುಡುಕಾಟಗಳನ್ನು ಎಣಿಸುವ ಟೂಲಿನಿಂದ ಹೆಕ್ಕಿ ಅದರ ಮೇಲೆ ಲೇಖನ ಬರೆಸುವುದು. ಲೇಖನದ ತುದಿಯಲ್ಲಿ ಗಿರಾಕಿಯ ಸರಕು ಹೊಂಚು ಹಾಕಿ ಕೂತಿರುತ್ತದೆ. ಈ ಸಲದ ಸರಕು ಅಕ್ಕನದು. ಭಾವನಿಗೆ ಕಿವಿ ಆಪರೇಷನ್ ಆಗಿ ಪಕ್ಕಕ್ಕೆ ಮಲಗಲಾಗದೆ ಒದ್ದಾಡುವಾಗ, ನಡುವೆ ಅಂಗೈಯಗಲದ ತೂತು ಬಿಟ್ಟು ದಿಂಬು ಹೊಲಿದಳು. ಕಿವಿ ತೂತಿನಲ್ಲಿ ಇಳಿಯುತ್ತದೆ, ಎಲ್ಲೂ ತಾಗುವುದಿಲ್ಲ. ‘ಕಿವಿ ದಿಂಬು’ ಎಂಬ ಹೆಸರು ನನ್ನದು. ಟೂಲಿನಲ್ಲಿ ನೋಡಿದರೆ ಸ್ಪರ್ಧೆ ಸೊನ್ನೆ. ಫಸ್ಟ್ ಪೇಜ್ ಕುಣಿದ. ಕೇಳುವವರೂ ಸೊನ್ನೆ ಎಂಬುದನ್ನು ಅವನು ಓದಲಿಲ್ಲ. ನಾನು ಓದಿಯೂ ಹೇಳಲಿಲ್ಲ — ಸಿಬ್ಬಂದಿಯ ಸಂಬಂಧಿಗೆ ಕಡಿಮೆ ಫೀಸು ಎಂದು ಅವನು ಒಪ್ಪಿಬಿಟ್ಟಿದ್ದ.

ಮಾರ್ಚ್ 4, ಮಂಗಳವಾರ

ನಮ್ಮಲ್ಲಿ ಲೇಖನ ಬರೆಯುವ ಮೇಷ್ಟ್ರು — ನಿವೃತ್ತ ಇತಿಹಾಸ ಶಿಕ್ಷಕರು — ನನ್ನ ಮೇಜಿಗೆ ಬಂದರು.

“ಮೇಡಂ, ಎರಡು ಸಾವಿರ ಪದ ಬೇಕಂತೆ. ಇನ್ನೂರಕ್ಕೇ ದಿಂಬು ಮುಗೀತು. ಈಗ ಬರೀ ತೂತು ಉಳಿದಿದೆ.”

“ಇತಿಹಾಸ ಹಾಕಿ ಮೇಷ್ಟ್ರೇ. ನಿಮ್ಮ ವಿಷಯ ತಾನೇ.”

ತಮಾಷೆಗೆ ಅಂದೆ. ಮಧ್ಯಾಹ್ನಕ್ಕೆ ಬಂತು: ‘ಪ್ರಾಚೀನ ಕಾಲದಲ್ಲಿ ರಾಜರೂ ಕಿವಿ ದಿಂಬು ಬಳಸುತ್ತಿದ್ದರು.’

“ಯಾವ ರಾಜ?”

“ಹೆಸರಿಲ್ಲದ ರಾಜ ಯಾರ ಮೇಲೂ ಕೇಸ್ ಹಾಕಲ್ಲ ಮೇಡಂ.”

ನಕ್ಕೆ. ಪ್ರಕಟಿಸುವ ಗುಂಡಿಯನ್ನೂ ಒತ್ತಿದೆ.

ಮಾರ್ಚ್ 19, ಬುಧವಾರ

ಟೂಲಿನಲ್ಲಿ ಇಷ್ಟು ದಿನ ಸೊನ್ನೆಯೆಂಬ ಅಡ್ಡಗೆರೆ ಇದ್ದಲ್ಲಿ ಸಂಖ್ಯೆ ಬಂದಿದೆ. ತಿಂಗಳಿಗೆ ಎಪ್ಪತ್ತು ಹುಡುಕಾಟ. ಫಸ್ಟ್ ಪೇಜ್ ನನ್ನ ಕುರ್ಚಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿದ. “ನೋಡಿ, ಬೇಡಿಕೆ ಹುಟ್ತಾ ಇದೆ!”

ಅಕ್ಕನಿಗೆ ಫೋನ್ ಮಾಡಿದೆ. ಆ ಕಡೆ ಹೊಲಿಗೆ ಮೆಷಿನ್ ನಿಂತಿತು.

“ಎಪ್ಪತ್ತು ಜನಾನಾ? ಅಷ್ಟೂ ಜನಕ್ಕೆ ಕಿವಿನೋವಾ? ಪಾಪ ಕಣೇ…”

ಸಂಖ್ಯೆ ನೋಡಿ ‘ಪಾಪ’ ಅಂದವರನ್ನು ಈ ಧಂದೆಯಲ್ಲಿ ನಾನು ಕಂಡಿಲ್ಲ.

ನಮ್ಮ ಮನೆಯಲ್ಲಿ ಇಂಗ್ಲಿಷ್ ಮೀಡಿಯಂ ಒಬ್ಬಳಿಗೆ ಸಾಕಾಗುವಷ್ಟೇ ಇತ್ತು. ನಾನು ಹೋದೆ. ಅಕ್ಕ ಅದನ್ನು ಎಂದೂ ಎತ್ತಿ ಆಡಿಲ್ಲ. ಆಡಿದ್ದರೆ ಜಗಳವಾದರೂ ಆಡಬಹುದಿತ್ತು. ಈ ದಿನಚರಿಯನ್ನು ಕನ್ನಡದಲ್ಲಿ ಬರೆಯುವುದೂ ಅದಕ್ಕೇನಾ? ಇಲ್ಲ — ಇಂಗ್ಲಿಷಿನಲ್ಲಿ ಬರೆದರೆ ಆಫೀಸಿನ ಮೇಲ್‌ನಂತಾಗುತ್ತದೆ, ಅಷ್ಟೇ.

ಏಪ್ರಿಲ್ 11, ಶುಕ್ರವಾರ

ನಮ್ಮಂಥ ಬೇರೆ ಕಂಪನಿಗಳೂ ಮೂಸಿ ನೋಡಿವೆ. ಏರುವ ಸಂಖ್ಯೆ ಎಲ್ಲರ ಟೂಲಿನಲ್ಲೂ ಕಾಣುತ್ತದಲ್ಲ. ‘ಈ ವರ್ಷದ ಹತ್ತು ಅತ್ಯುತ್ತಮ ಕಿವಿ ದಿಂಬುಗಳು’ ಎಂದು ಒಂಬತ್ತು ಸೈಟುಗಳಲ್ಲಿ ಲೇಖನ. ಒಂದನ್ನು ಪೂರ್ತಿ ಓದಿದೆ. ಒಂದು ಅಕ್ಕನದು. ಉಳಿದವು ಬಸ್ಸಿನಲ್ಲಿ ಕುತ್ತಿಗೆಗೆ ಹಾಕಿಕೊಳ್ಳುವಂಥವು, ಕೂಸುಗಳವು. ಹತ್ತನೆಯದು ನಾಯಿಯ ಹಾಸಿಗೆ. ಬರೆದವನು ನಾಯಿಯನ್ನೂ ನೋಡಿಲ್ಲ, ಕಿವಿಯನ್ನೂ ನೋಡಿಲ್ಲ.

ಮೇಷ್ಟ್ರ ರಾಜ ಒಂದು ಸೈಟಿನಲ್ಲಿ ರಾಣಿಯಾಗಿದ್ದಾನೆ. ಇನ್ನೊಂದರಲ್ಲಿ ‘ಸಂಶೋಧಕರ ಪ್ರಕಾರ’. ಫಸ್ಟ್ ಪೇಜ್ ಅದನ್ನು ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿದ: “ಇದಕ್ಕೆ ಇತಿಹಾಸವೂ ಇದೆ, ಗೊತ್ತಿತ್ತಾ?” ಮೇಷ್ಟ್ರು ಫ್ಯಾನ್ ನೋಡುತ್ತಿದ್ದರು.

ಇಲ್ಲಿಯವರೆಗೆ ಹನ್ನೊಂದು ದಿಂಬು ಹೋಗಿದೆ. ಒಂದು ವಾಪಸ್ ಬಂತು, ತರಿಸಿದವನು ತಲೆಯೇ ಇಟ್ಟಿರಲಿಲ್ಲ. ಅಕ್ಕ ಅವನಿಗೆ ಫೋನ್ ಮಾಡಿ, “ಈಗ ಕಿವಿ ಹೇಗಿದೆ?” ಅಂದಳಂತೆ. “ಯಾವ ಕಿವಿ?” ಅಂದನಂತೆ. ಫೋಟೊ ತೆಗೆಯಲು ತರಿಸಿದ್ದ. ‘ಹತ್ತು ಅತ್ಯುತ್ತಮ’ ಬರೆದವರಲ್ಲೊಬ್ಬ.

ಅಕ್ಕ ನಗುತ್ತ ಹೇಳಿದಳು. ನಾನೂ ನಕ್ಕೆ. ಉಳಿದ ಹತ್ತು ಯಾರು ಎಂದು ಕೇಳಬೇಕಿತ್ತು.

ಮೇ 5, ಸೋಮವಾರ

ಟೂಲಿನಲ್ಲಿ ಏಳುನೂರು.

ಸಂಜೆ ಅಕ್ಕನ ಮನೆ. ಮುಂದಿನ ಕೋಣೆಯೇ ಅವಳ ಅಂಗಡಿ. ನಾನು ಕಳಿಸಿದ ಹುಡುಕಾಟದ ಗ್ರಾಫನ್ನು ಪ್ರಿಂಟ್ ಹಾಕಿಸಿ ಟ್ರಯಲ್ ಕನ್ನಡಿಯ ಪಕ್ಕ ಅಂಟಿಸಿದ್ದಾಳೆ. ಪಕ್ಕದ ಮಳಿಗೆಯನ್ನು ಮೂರು ವರ್ಷಕ್ಕೆ ಹಿಡಿಯುತ್ತಾಳಂತೆ. ಇನ್ನೆರಡು ಮೆಷಿನ್ ಕಂತಿನ ಮೇಲೆ. ಕರಾರಿಗೆ ಸಹಿ ಈ ತಿಂಗಳ ಕೊನೆಯ ದಿನ. ರೆಡಿಮೇಡ್ ಅಂಗಡಿಯ ಆಲ್ಟರೇಶನ್ ಕೆಲಸ — ಮನೆ ನಡೆಯುತ್ತಿರುವುದೇ ಅದರಲ್ಲಿ — ಬಿಡುತ್ತೇನೆಂದು ಆಗಲೇ ಹೇಳಿಬಂದಿದ್ದಾಳೆ.

“ಸಾಕು ಕಣೇ. ಇಪ್ಪತ್ತು ವರ್ಷ ಕಂಡೋರ ಪ್ಯಾಂಟಿನ ಕಾಲು ಹಿಡ್ಕೊಂಡೇ ಕಳೆದೆ.”

ಭಾವ ಮೆತ್ತಗೆ, “ಇನ್ನೂ ಅದೇ ಹನ್ನೊಂದು ತಾನೇ ಹೋಗಿರೋದು…” ಅಂದರು.

“ನೀವು ಸುಮ್ನಿರಿ. ಏಳ್ನೂರು ಜನ ಕೇಳ್ತಿದಾರೆ, ತಲುಪಿಸೋರು ಇಲ್ಲ ಅಷ್ಟೆ. ಅಲ್ವೇನೇ?”

ಹೂಂ ಅಂದೆ. ನಂಬಿಯೇ ಅಂದೆ — ಇವತ್ತಿನ ತಾರೀಖಿಗೆ ಇದು ನಿಜ.

ಮೇ 12, ಸೋಮವಾರ

ರಸ್ತೆ ಅಗೆಯುವವರು ಕೇಬಲ್ ಕಡಿದದ್ದರಿಂದ ಹೋದ ವಾರ ನಾಲ್ಕು ದಿನ ಆಫೀಸಿಗೆ ರಜೆ. ಇವತ್ತು ಅಕ್ಕನ ಪುಟದ ದಿನವಾರು ಲೆಕ್ಕ ತೆರೆದೆ. ಆ ನಾಲ್ಕೂ ದಿನ ಅರ್ಧಕ್ಕರ್ಧ ಇಳಿದಿದೆ.

ಹಿಂದಕ್ಕೆ ಹೋದೆ. ಪ್ರತಿ ಭಾನುವಾರವೂ ಹಳ್ಳ. ಸೋಮವಾರ ಮತ್ತೆ ದಿಬ್ಬ. ಉಳಿದರ್ಧ ಬೇರೆ ಕಂಪನಿಗಳವರು, ಅವರಿಗೂ ಭಾನುವಾರ ವಾರದ ರಜೆ.

ಕಿವಿನೋವಿಗೆ ಭಾನುವಾರ ರಜೆಯೇ?

ಅಂದರೆ ಇಷ್ಟೇ: ನಾವು ಹುಡುಕಿದೆವು. ಟೂಲ್ ನಮ್ಮನ್ನು ಎಣಿಸಿತು. ಆ ಎಣಿಕೆ ನೋಡಿ ಇನ್ನೊಬ್ಬರು ಬರೆದರು, ತಮ್ಮ ಪುಟ ಎಷ್ಟನೆಯದು ಎಂದು ನೋಡಲು ಅವರೂ ಹುಡುಕಿದರು. ಅವರನ್ನೂ ಎಣಿಸಿತು. ನಾವು ಹಿಗ್ಗಿದೆವು. ಏಳುನೂರರಲ್ಲಿ ಒಂದು ನೊಂದ ಕಿವಿ ಇದ್ದೀತೆ? ಕನ್ನಡಿಯೊಳಗಿನ ಗಂಟಿಗೆ ಅಕ್ಕ ಮಳಿಗೆ ಹಿಡಿಯುತ್ತಿದ್ದಾಳೆ.

ಮೇ 13, ಮಂಗಳವಾರ

ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿದರು.

“ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ. ಇಲ್ಲಿ ಅಂದೋರೂ ನಾವೇ, ಕಟ್ಟಿದೋರೂ ನಾವೇ. ಈಗ ನಿಮ್ಮಕ್ಕ ಹಾಲು ಕರೆಯೋಕೆ ಚೊಂಬು ಹಿಡ್ಕೊಂಡು ಬಂದಿದಾರೆ.”

“ಫಸ್ಟ್ ಪೇಜ್‌ಗೆ ಹೇಳೋಣವಾ?”

“ನೀವು ಹೇಳಿ ಮೇಡಂ. ನನಗೆ ಬೀಪಿ.”

ಹೇಳಿದೆ. ಫಸ್ಟ್ ಪೇಜ್ ಗ್ರಾಫಿನ ಭಾನುವಾರಗಳನ್ನು ನೋಡಲೇ ಇಲ್ಲ. “ಮೇಡಂ, ನೀವು ತುಂಬಾ ಯೋಚ್ನೆ ಮಾಡ್ತೀರ. ಯೋಚ್ನೆಗೆ ಸರ್ಚ್ ವಾಲ್ಯೂಮ್ ಇಲ್ಲ, ಅದನ್ನ ಯಾರೂ ಹುಡುಕಲ್ಲ.” ಇದೇ ಗ್ರಾಫ್ ತೋರಿಸಿ ಹಾಸಿಗೆ ಕಂಪನಿಯೊಂದನ್ನು ಗಿರಾಕಿ ಮಾಡಿಕೊಳ್ಳುತ್ತಾನಂತೆ. ಆ ಒಪ್ಪಂದವಾದರೆ ನನಗೆ ಟೀಮ್ ಲೀಡ್ ಹುದ್ದೆ. ಅಲ್ಲಿಯವರೆಗೆ ಬಾಯಿ ಬಿಡಬಾರದು. ಬಾಯಿ ಬಿಡಬಾರದು ಎಂದು ಹೇಳಿದ್ದು ಅವನೋ, ನಾನೇ ಹಾಗೆ ಅರ್ಥ ಮಾಡಿಕೊಂಡೆನೋ?

ಮೇ 20, ಮಂಗಳವಾರ

ಅಕ್ಕನ ಜೊತೆ ಬೋರ್ಡ್ ಬರೆಯುವವನ ಹತ್ತಿರ ಹೋಗಿದ್ದೆ. ಹಸಿರೋ ನೀಲಿಯೋ ಎಂದಳು. ಹಸಿರು ಎಂದೆ.

ಹೇಳಲಿಲ್ಲ. ಅವಳ ಖುಷಿ ಕೆಡಿಸಬಾರದೆಂದೋ, ಹುದ್ದೆಯ ಆಸೆಗೋ? ಎರಡೂ ಎಂದು ಬರೆದರೆ ಪ್ರಾಮಾಣಿಕಳಂತೆ ಕಾಣುತ್ತೇನೆ. ನನಗಾಗಿ ಬರೆಯುವ ಈ ಪುಸ್ತಕದಲ್ಲೂ ರ‍್ಯಾಂಕಿನ ಚಿಂತೆ.

ಮೇ 26, ಸೋಮವಾರ

ಹಾಸಿಗೆ ಕಂಪನಿಯ ಮೀಟಿಂಗ್. ಅವರಲ್ಲಿ ಹಿರಿಯರೊಬ್ಬರು, ಬಿಳಿ ಮೀಸೆ, ಎಲ್ಲ ಕೇಳಿಸಿಕೊಂಡು, “ದಿಂಬು ಎಷ್ಟು ಮಾರಾಟ ಆಯ್ತು?” ಅಂದರು. ಫಸ್ಟ್ ಪೇಜ್ ‘ಜಾಗೃತಿ’ ಎಂದೇನೋ ಶುರು ಮಾಡಿದ.

“ಹನ್ನೊಂದು,” ಅಂದೆ. “ತರಿಸಿದೋರಲ್ಲಿ ಹೆಚ್ಚಿನೋರು ನಮ್ಮಂಥೋರೇ ಇರ್ಬೇಕು. ಆ ಏಳುನೂರೂ ನಾವೇ. ಹುಡುಕಿದ್ದೂ ನಾವೇ, ಬರೆದಿದ್ದೂ ನಾವೇ.”

ಕೆಲಸ ಹೋಯಿತು ಎಂದುಕೊಂಡೆ. ಒಳಗೊಳಗೆ ಸ್ವಲ್ಪ ದೊಡ್ಡವಳಾದಂತೆಯೂ ಅನಿಸಿತು.

ಬಿಳಿ ಮೀಸೆಯವರು ಮುಂದಕ್ಕೆ ಬಾಗಿದರು. “ಅಂದ್ರೆ ಯಾರಿಗೂ ಬೇಡದೆ ಇರೋದಕ್ಕೂ ಇಷ್ಟು ಬೇಡಿಕೆ ತೋರಿಸಬಹುದಾ?”

“ಖಂಡಿತ ಸರ್,” ಅಂದ ಫಸ್ಟ್ ಪೇಜ್.

ಒಪ್ಪಂದವಾಯಿತು. ನನಗೆ ಟೀಮ್ ಲೀಡ್. “ಒಳ್ಳೆ ಟೈಮಿಂಗ್ ಮೇಡಂ” ಎಂದು ಕೈಕುಲುಕಿದ. ಸತ್ಯ ಹೇಳಿದ್ದಕ್ಕೆ ಶಿಕ್ಷೆಯೂ ಸಿಗದ ಜಾಗ ಇದು. ಥೂ.

ಮೇ 29, ಗುರುವಾರ

ಹೇಳಿದೆ.

ಅಕ್ಕ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದಳು. ರೆಡಿಮೇಡ್ ಅಂಗಡಿಯ ಕೊನೆಯ ಕಂತೆ. ಭಾವ ಕುರ್ಚಿಯಲ್ಲಿ ಪೇಪರ್ ಹಿಡಿದಿದ್ದರು. ಹಸಿರು ಬೋರ್ಡ್ ಗೋಡೆಗೆ ಒರಗಿತ್ತು.

“ಅಕ್ಕ, ಆ ಏಳ್ನೂರು ಜನ ಇಲ್ಲ.”

“ಇಲ್ಲ ಅಂದ್ರೆ? ಎಲ್ಲಿಗೆ ಹೋದ್ರು?”

“ಇರ್ಲೇ ಇಲ್ಲ. ಅದು ನಾವು. ನಮ್ಮ ಆಫೀಸು, ನಮ್ಮಂಥ ಇನ್ನೊಂದಷ್ಟು ಆಫೀಸು. ನಿನ್ನ ಪುಟ ಎಷ್ಟನೇದು ಅಂತ ನೋಡೋಕೆ ನಾವೇ ಹುಡುಕ್ತೀವಿ.”

“ನೀನೂ?”

“ನಾನೂ. ದಿನಾ ಹನ್ನೊಂದಕ್ಕೆ.”

ಅವಳ ಕೈ ನಿಲ್ಲಲಿಲ್ಲ. ಒಂದೊಂದೇ ಹೊಲಿಗೆ ಎಳೆದು ತೆಗೆಯುತ್ತಿದ್ದಳು.

“ಯಾವಾಗ ಗೊತ್ತಾಯ್ತು?”

“ಎರಡು ವಾರ ಆಯ್ತು.”

“ಬೋರ್ಡಿಗೆ ಹಸಿರು ಅಂದ್ಯಲ್ಲ… ಆಗ?”

ಅಕ್ಕ ಎದ್ದು ಕನ್ನಡಿಯ ಪಕ್ಕದ ಗ್ರಾಫ್ ಕಿತ್ತಳು, ಮಡಚಿ ಮೆಷಿನ್ನಿನ ಕುಂಟುವ ಕಾಲಿಗೆ ಒತ್ತು ಕೊಟ್ಟಳು. ಮೆಷಿನ್ ಅಲ್ಲಾಡುವುದು ನಿಂತಿತು.

“ಕಿವಿ ನೋವಿರೋರು ನಿನ್ನ ಯಂತ್ರದ ಹತ್ರ ಏನಂತ ಕೇಳ್ತಾರೆ? ಅದಾದ್ರೂ ಗೊತ್ತಾ?”

ಗೊತ್ತಿರಲಿಲ್ಲ. ಇಷ್ಟು ವರ್ಷದ ಅನುಭವ. ಕೊನೆಗೆ ಭಾವನ ಕಡೆ ತಿರುಗಿದೆ. “ನೀವು ಏನಂತ ಹುಡುಕಿದ್ರಿ ಭಾವ?”

“ಹುಡುಕೋದಾ? ಕುರ್ಚೀಲಿ ಕೂತೇ ನಿದ್ದೆ ಮಾಡ್ತಿದ್ದೆ. ದಿಂಬಲ್ಲೂ ಉಪಾಯ ಇರುತ್ತೆ ಅಂತ ಗೊತ್ತಿದ್ರೆ ತಾನೇ ಹುಡುಕೋದು?”

ಅಕ್ಕ ಬಾಗಿಲವರೆಗೆ ಬರಲಿಲ್ಲ. ಯಾವಾಗಲೂ ಬರುತ್ತಿದ್ದಳು.

ಜೂನ್ 9, ಸೋಮವಾರ

ಕರಾರಿಗೆ ಸಹಿ ಹಾಕಲಿಲ್ಲವಂತೆ. ಭಾವ ಹೇಳಿದ್ದು, ಅಕ್ಕ ಫೋನ್ ಎತ್ತುತ್ತಿಲ್ಲ. ರೆಡಿಮೇಡ್ ಅಂಗಡಿಯವನು ವಾಪಸ್ ಕರೆದಿದ್ದಾನೆ, ಆದರೆ ಶರ್ಟು ಬ್ಲೌಸುಗಳನ್ನು ಆಗಲೇ ಬೇರೆಯವಳಿಗೆ ಕೊಟ್ಟಾಗಿದೆ. ಇವಳಿಗೆ ಪ್ಯಾಂಟು ಮಾತ್ರ.

ಹಾಜರಿಯಲ್ಲಿ ಈಗ ‘ಬೆನ್ನು ಬಲ್ಲ ಹಾಸಿಗೆ’. ಹೆಸರು ನಾನಿಟ್ಟದ್ದಲ್ಲ. ಟೀಮ್ ಲೀಡ್ ಆದ್ದರಿಂದ ‘ಶುರು ಮಾಡಿ’ ಎನ್ನುವವಳು ಮಾತ್ರ ನಾನೇ. ಕಿವಿ ದಿಂಬನ್ನು ಯಾರೂ ಹುಡುಕುತ್ತಿಲ್ಲ. ಗ್ರಾಫ್ ಬಾವಿಗೆ ಬಿದ್ದ ಹಾಗೆ ಬಿದ್ದಿದೆ.

ಮನೆಯಲ್ಲಿ ಕೂತು ಅಕ್ಕನ ಪುಟವನ್ನು ಅಳಿಸಿ ಹೊಸದಾಗಿ ಬರೆದೆ. ರಾಜನಿಲ್ಲ. ಅರ್ಧ ಪುಟ. ಮೇಲೆ ಭಾವನ ಮಾತು: ‘ಕಿವಿ ಆಪರೇಷನ್ ಆದಮೇಲೆ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದೀರಾ?’ ಕೆಳಗೆ ದಿಂಬಿನ ಚಿತ್ರ, ಅಕ್ಕನ ನಂಬರ್. ಟೂಲಿನಲ್ಲಿ ಈ ಪ್ರಶ್ನೆಗೆ ಅಡ್ಡಗೆರೆ. ಒಳ್ಳೆಯತನದಿಂದ ಬರೆಯಲಿಲ್ಲ. ಸಿಟ್ಟಿನಿಂದ ಬರೆದೆ.

ಜೂನ್ 22, ಭಾನುವಾರ

ಅಕ್ಕ ಕರೆಯದಿದ್ದರೂ ಅವಳ ಮನೆಗೆ ಹೋದೆ. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಒಂದು ಪ್ಯಾಂಟು ನನ್ನತ್ತ ಎಸೆದಳು. ಅಂಚು ಬಿಚ್ಚುತ್ತ ಕೂತೆ. ಎರಡು ಸಲ ಚುಚ್ಚಿಕೊಂಡೆ. “ಇಂಗ್ಲಿಷ್ ಮೀಡಿಯಂ ಕೈ,” ಅಂದಳು. ಜೀವಮಾನದಲ್ಲಿ ಮೊದಲ ಸಲ ಎತ್ತಿ ಆಡಿದಳು. ಹಗುರವಾಯಿತು.

ಅವಳ ಫೋನ್ ಹೊಡೆದುಕೊಂಡಿತು. ಕೈ ಮೆಷಿನ್ ಮೇಲಿತ್ತು. “ಎತ್ತು. ದಿಂಬಿನೋರು ಅಂದ್ರೆ ಇಟ್ಬಿಡು. ಇನ್ನೊಬ್ಬ ಫೋಟೊದೋನು ಇರ್ತಾನೆ.”

ದಿಂಬಿನವರೇ. ವಯಸ್ಸಾದ ಗಂಡಸಿನ ದನಿ. ತೂತಿರುವ ದಿಂಬು ಬೇಕಂತೆ. ಇಂಥವರನ್ನು ನಾನು ಬಲ್ಲೆ. ದನಿಯಲ್ಲಿ ಇದ್ದಬದ್ದ ತಾತ್ಸಾರವನ್ನೆಲ್ಲ ತುಂಬಿಕೊಂಡು ಕೇಳಿದೆ:

“ಯಾವ ಕಿವಿ?”

ಉತ್ತರವಿಲ್ಲ. ಸಿಕ್ಕಿಬಿದ್ದ ಎಂದುಕೊಂಡೆ. ಅಕ್ಕನತ್ತ ನೋಡಿ ತುಟಿ ಕೊಂಕಿಸಿದೆ. ಇನ್ನೇನು ಇಡಬೇಕು —

“ಒಂದ್ನಿಮಿಷ ತಾಯೀ, ಫೋನು ಚೆನ್ನಾಗಿರೋ ಕಿವಿಗೆ ಇಟ್ಕೋತೀನಿ… ಹಾಂ. ಈಗ ಹೇಳಿ. ಏನಂದ್ರಿ?”

ಮೆಷಿನ್ ನಿಂತಿತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಏನಂದೆ ನಾನು? “ಈಗ ಕಿವಿ ಹೇಗಿದೆ ಅಂತ ಕೇಳಿದೆ,” ಅಂದೆ.