ಹಸಿರು ಗೆರೆಯ ನಾಲ್ಕನೇ ಗುರಿ

ಪೊದ್ಗೋರಾ
ಮಾರ್ಚ್ ೨೭, ಗುರುವಾರ

ನನ್ನ ಮೊಂಡು ಮೊಮ್ಮಗಳು ಮಾರುಷಾಗೆ,

ಈ ಕಾಗದದಲ್ಲಿ ಅಜ್ಜಿಯ ಮುತ್ತುಗಳಿಲ್ಲ. ಸಿಟ್ಟು ಇಳಿದ ಮೇಲೆ ಕೊಡುತ್ತೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ "ಊಟ ಆಯ್ತಜ್ಜಿ, ಆಯ್ತು" ಅಂತ ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಟ್ಟುಬಿಡಲು ಬರುವುದಿಲ್ಲ. ನಾಲ್ಕನೇ ಕ್ಲಾಸು ಓದಿದವಳ ಅಕ್ಷರ, ಕೂಡಿಸಿಕೊಂಡು ಓದು.

ನಿನ್ನ ಗುರಿಗಳ ಹಾಳೆ ನಿನ್ನೆ ಅಂಚೆಯಲ್ಲಿ ಬಂತು. ಅಂಚೆಯಲ್ಲಿ! ನಿನಗೆ ಏಳು ವರ್ಷವಾದಾಗಿನಿಂದ, ಹಿಮ ಕರಗಿ ಸ್ಕೀ ಜಿಗಿತದ ಗುಡ್ಡ ಮುಚ್ಚಿದ ಮೇಲೆ ಬರುವ ಮೊದಲ ಭಾನುವಾರ ನಾವಿಬ್ಬರೂ ಒಲೆಯ ಪಕ್ಕದ ಬೆಂಚಿನಲ್ಲಿ ಕೂತು ಆ ಹಾಳೆ ನೋಡುತ್ತಿದ್ದೆವು. ಅಕ್ಟೋಬರಿನಲ್ಲಿ ನೀನು ಬರೆದು ನನ್ನ ಅಡುಗೆಮನೆಯ ಗೋಡೆಗೆ ಅಂಟಿಸಿದ ಹಾಳೆ. ಆಗಿದ್ದಕ್ಕೆ ಹಸಿರು ಪೆನ್ಸಿಲು, ಆಗದ್ದಕ್ಕೆ ಕೆಂಪು. ಪೆನ್ಸಿಲು ಹಿಡಿಯುವುದು ನನ್ನ ಕೆಲಸ, ವಾದ ಮಾಡುವುದು ನಿನ್ನ ಕೆಲಸ. ನೀನು ಎಂಟು ವರ್ಷದವಳಿದ್ದಾಗಿನದು ಬಿಸ್ಕತ್ತಿನ ಡಬ್ಬಿಯಲ್ಲಿ ಇನ್ನೂ ಇದೆ: "ಇಪ್ಪತ್ತು ಮೀಟರಿನ ಗುಡ್ಡದ ಮೇಲೆ ಅಳಬಾರದು. ಲೋವ್ರೋನನ್ನು ಸೋಲಿಸಬೇಕು. ಅಜ್ಜಿಯ ಸ್ಟ್ರುಕ್ಲಿ ಕಡುಬು ಒಂದೇ ಸಲಕ್ಕೆ ಹತ್ತು ತಿನ್ನಬೇಕು." ಗುಡ್ಡದ ಮೇಲೆ ಗೊಳೋ ಅಂತ ಅತ್ತುಬಿಟ್ಟೆ. ಪಕ್ಕದ ಮನೆಯ ಲೋವ್ರೋ ನಿನ್ನನ್ನು ಸೋಲಿಸಿದ. ಕಡುಬು ಮಾತ್ರ ಹನ್ನೊಂದು ತಿಂದೆ. ನಾನು ಹಸಿರು ಗೆರೆಯನ್ನು ಎಷ್ಟು ಒತ್ತಿ ಎಳೆದಿದ್ದೆನೆಂದರೆ ಅಲ್ಲಿ ಹಾಳೆ ಹರಿದಿದೆ.

ಈ ಸಲ ಗೋಡೆಗೆ ಅಂಟಿಸದೆ ಹಾಸ್ಟೆಲಿಗೆ ಒಯ್ದಾಗಲೇ ನನಗೆ ಹೊಳೆಯಬೇಕಿತ್ತು. ಗೆರೆಗಳನ್ನೂ ನೀನೇ ಎಳೆದು ಕಳಿಸಿದ್ದೀಯ. "ಸ್ಲೊವೇನಿಯಾದ ಕಿರಿಯರ ತಂಡ ಸೇರಬೇಕು": ಕೆಂಪು. "ನಮ್ಮೂರ ಗುಡ್ಡದಲ್ಲಿ ತೊಂಬತ್ತು ಮೀಟರ್ ದಾಟಬೇಕು": ಕೆಂಪು. "ನೆಲಕ್ಕಿಳಿಯುವಾಗ ಒಂದು ಕಾಲು ಮುಂದಿಟ್ಟು ಅಲುಗದೆ ನಿಲ್ಲಬೇಕು": ಅದೂ ಕೆಂಪು. ಕೊನೆಗೆ ಬೇರೆ ಶಾಯಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ: "ತೂಕ ಇಳಿಸಬೇಕು." ಹಸಿರು. ಅದರ ಪಕ್ಕದಲ್ಲಿ ನಿನ್ನ ತರಬೇತುದಾರ ಬೊಯಾನನ ಕೈಬರಹ: "ಮೆಚ್ಚುವಂಥ ಶಿಸ್ತು. ಮುಂದುವರಿಸು."

ಮುಂದುವರಿಸಬೇಕಂತೆ! ಎಲ್ಲಿಯವರೆಗೆ? ನಿನ್ನ ಹಿಂದೆ ನಿಂತವರು ನಿನ್ನ ಮೂಲಕವೇ ಗುಡ್ಡ ನೋಡುವವರೆಗೋ?

ಇದೇ ತಿಂಗಳ ಎಂಟರಂದು, ಕೊನೆಯ ಸ್ಪರ್ಧೆಯ ದಿನ, ನಾನು ಕೆಳಗೆ ಬೇಲಿ ಹಿಡಿದು ನಿಂತಿದ್ದೆ. ನಿನ್ನ ಹೆಸರು ಕೂಗಿದರು. ನೀನು ಬರಲಿಲ್ಲ. ಮತ್ತೆ ಕೂಗಿದರು. ಮೇಲಕ್ಕೆ ಹೋಗುವ ಮೆಟ್ಟಿಲ ಮೇಲೆ, ಹೆಗಲ ಮೇಲಿನ ಸ್ಕೀಗಳ ಸಮೇತ ನೀನು ಕುಸಿದು ಬಿದ್ದಿದ್ದೆ. ಎಲ್ಲರಿಗೂ "ಶೂ ಜಾರಿತು" ಅಂದೆ. ಅದೇ ಇನ್ನು ಐದು ನಿಮಿಷ ಬಿಟ್ಟು, ಗಾಳಿಯಲ್ಲಿರುವಾಗ ಕಣ್ಣು ಕತ್ತಲೆ ಬಂದಿದ್ದರೆ? ಈ ಪ್ರಶ್ನೆ ಹತ್ತೊಂಬತ್ತು ದಿನದಿಂದ ನನ್ನ ಜೊತೆಗೇ ಮಲಗಿ ನನ್ನ ಜೊತೆಗೇ ಏಳುತ್ತಿದೆ.

ಇವತ್ತು ಬೆಳಿಗ್ಗೆ ಹಾಳೆ ಹಿಡಿದುಕೊಂಡು ಕ್ಲಬ್ಬಿಗೆ ಹೋದೆ. ಬೊಯಾನ್ ಬಿಸಿ ಇಸ್ತ್ರಿಪೆಟ್ಟಿಗೆಯಲ್ಲಿ ಸ್ಕೀಗಳಿಗೆ ಮೇಣ ತಿಕ್ಕುತ್ತಿದ್ದ.

"ಓಹೋ ಪೊಲೋನಾ ಅಜ್ಜಿ, ಬನ್ನಿ ಬನ್ನಿ. ಕಾಫಿ ಕುಡೀತೀರಾ?"

"ಕಾಫಿ ನಿನ್ನ ತಲೆ ಮೇಲೆ ಸುರೀಲಾ? ಏನಯ್ಯಾ ಇದು, ಮೆಚ್ಚುವಂಥ ಶಿಸ್ತು?"

"ತೂಕದ ಮಾತು ನಾನು ಎತ್ತೇ ಇಲ್ಲ ಅಜ್ಜಿ. ಅವಳೇ ಬರ್ಕೊಂಡು ಬಂದ್ಲು. ಹಗುರ ಇದ್ರೆ ದೂರ ಹೋಗ್ತಾರೆ ಅಂತ ಎಲ್ರಿಗೂ ಗೊತ್ತಲ್ವಾ?"

"ದೂರ ಹೋದ್ಲಾ? ನೋಡಿಲ್ಲಿ, ತೊಂಬತ್ತು ದಾಟಿಲ್ಲ. ಮೆಟ್ಲು ಹತ್ತೋಕೆ ಕಾಲಲ್ಲಿ ಕಸುವಿಲ್ಲ, ಇನ್ನು ಹಾರ್ತಾಳಂತೆ! ನೀನು ಹದಿನೈದು ವರ್ಷದವನಿದ್ದಾಗ ನಮ್ಮನೇಲಿ ಒಂದು ಬಾಣಲೆ ಆಲೂಗಡ್ಡೆ ಒಬ್ನೇ ಮುಗಿಸ್ತಿದ್ದೆ ಕಣೋ. ಆವಾಗ ಹಾರ್ಲಿಲ್ವಾ?"

"ಹಾರ್ದೆ ಅಜ್ಜಿ."

"ಮತ್ತೆ?"

ಅವನು ಇಸ್ತ್ರಿಪೆಟ್ಟಿಗೆಯನ್ನು ಸ್ಕೀಯ ಮೇಲೇ ಮರೆತುಬಿಟ್ಟ. ಮೇಣ ಹೊಗೆಯಾಡಿತು. "ಡಾಕ್ಟ್ರು ಒಪ್ಪೋವರ್ಗೂ ಅವಳನ್ನ ಗುಡ್ಡ ಹತ್ತಿಸಲ್ಲ" ಅಂದ. ಬಾಯಿಮಾತು ಬೇಡ, ಬರಿ ಅಂದೆ. ನಿನ್ನ ಹಾಳೆಯ ಬೆನ್ನಿಗೇ ಬರೆಸಿ ಸಹಿ ಹಾಕಿಸಿಕೊಂಡು ಬಂದೆ. ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಹಾಸಿದ ಗುಡ್ಡದಲ್ಲಿ ಶಿಬಿರ ಶುರುವಾಗುತ್ತದಲ್ಲ, ಅದಕ್ಕೂ ಇದೇ ಮಾತು.

ನಿನ್ನಪ್ಪ ತೀನೆಯನ್ನೂ ಬಿಡಲಿಲ್ಲ. "ಈ ವಯಸ್ಸಲ್ಲಿ ಹುಡ್ಗೀರು ಹಂಗೇ ಅಮ್ಮ" ಅಂದ. ಇವನನ್ನು ಹೆತ್ತವಳು ನಾನೇನಾ? "ಹಂಗೇ ಅಂದ್ರೆ ಹೆಂಗೋ, ತೀನೆ? ಕಾರಿನ ಚಕ್ರದ ಗಾಳಿ ಇಳಿದ್ರೆ ದಿನಾ ಬಗ್ಗಿ ನೋಡ್ತೀಯ. ಮಗಳು ಇಳಿದದ್ದು ಕಾಣ್ಲಿಲ್ವಾ?" ಅಂದೆ. ಎದ್ದು ಹೋಗಿ ಫೋನ್ ಮಾಡಿ, ಮಂಗಳವಾರ ಹತ್ತು ಗಂಟೆಗೆ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ.

ಯಾರಿಗೂ ಕಾಣಲಿಲ್ಲವಂತೆ! ಜಿಗಿತದ ಉಡುಪು ಮೈಗೆ ಸರಿಯಾಗಿ ಕೂರಬೇಕು, ಎರಡು ಬೆರಳು ಸಡಿಲವಿದ್ದರೂ ಅಳತೆ ನೋಡುವವನು ಸ್ಪರ್ಧೆಯಿಂದ ಹೊರಗೆ ಹಾಕುತ್ತಾನೆ. ಈ ಚಳಿಗಾಲದಲ್ಲಿ ನಿನ್ನ ಉಡುಪನ್ನು ನಾಲ್ಕು ಸಲ ಚಿಕ್ಕದು ಮಾಡಬೇಕಾಯಿತು. ನಾಲ್ಕು ಸಲ! ಸೊಂಟದ ಹತ್ತಿರ ಹೊಲಿಗೆ ದಪ್ಪ ಅಂತ ಆ ಅಳತೆಯವನು ಗೊಣಗಿದನೆಂದು ನೀನು ನನ್ನ ಮೇಲೆ ರೇಗಿದ್ದೆ, ನೆನಪಿದೆಯಾ? ಬಟ್ಟೆಯೇ ಕೂಗಿ ಹೇಳುತ್ತಿತ್ತು. ಕಿವಿಯಿದ್ದವರು ಯಾರೂ ಇರಲಿಲ್ಲ.

ಈಗ ಕೇಳು. ಭಾನುವಾರ ಎರಡು ಗಂಟೆಯ ಬಸ್ಸಿಗೆ ಬಾ. ಕ್ಲಬ್ಬಿಗೆ ಹೋಗಿ ಸ್ಕೀ ಎತ್ತಿಕೊಳ್ಳುತ್ತೇನೆ ಅಂದುಕೊಂಡಿದ್ದರೆ ಮರೆತುಬಿಡು, ಅವು ನಮ್ಮ ಹುಲ್ಲಿನ ಅಟ್ಟದ ಮೇಲಿವೆ. ಏಣಿಯನ್ನು ನಾನು ಬಚ್ಚಿಟ್ಟಿದ್ದೇನೆ. ನೀನು ಹಾರಬಾರದು ಅಂತ ನಾನು ಹೇಳುತ್ತಿಲ್ಲ. ನಿನ್ನನ್ನು ಗಾಳಿಯಲ್ಲಿ ನೋಡುವುದಕ್ಕಿಂತ ದೊಡ್ಡ ಸುಖ ಈ ಮುದುಕಿಗೆ ಬೇರೆ ಯಾವುದಿದೆ? ಮೊದಲು ಮೆಟ್ಟಿಲು ಹತ್ತುವಷ್ಟು ಮೈ ತುಂಬಿಕೋ. ಕಡುಬು ಮಾಡಿರುತ್ತೇನೆ. ಹತ್ತು ತಿನ್ನು ಅಂತ ಪೀಡಿಸುವುದಿಲ್ಲ. ಒಂದು ತಿನ್ನು. ಆಗದಿದ್ದರೆ ಅರ್ಧ. ಅದೂ ಆಗದಿದ್ದರೆ ತಟ್ಟೆಯ ಮುಂದೆ ಕೂತು ಅಳು. ಇಪ್ಪತ್ತು ಮೀಟರಿನ ಗುಡ್ಡದ ಮೇಲೆ ಅತ್ತವಳೇ ತಾನೆ ನೀನು, ನನಗೇನು ಹೊಸದಲ್ಲ.

ಇಷ್ಟು ಬೈದರೂ ನಿನ್ನವಳೇ ಆದ,
ಅಜ್ಜಿ ಪೊಲೋನಾ

ಮೇಲೆ ಬರೆಯಲು ಧೈರ್ಯ ಸಾಲದೆ ಕೆಳಗೆ ಬರೆಯುತ್ತಿದ್ದೇನೆ: ಆ ನಾಲ್ಕನೇ ಗುರಿಯ ಪಕ್ಕ ನೀನು ತಾರೀಕು ಹಾಕಿದ್ದೀಯ, ಅಕ್ಟೋಬರ್ ಹತ್ತೊಂಬತ್ತು. ಹೊಸ ಉಡುಪಿಗೆ ನಾನು ಅಳತೆ ತೆಗೆದ ದಿನ. ಸೊಂಟಕ್ಕೆ ಟೇಪು ಸುತ್ತಿ ನಿನ್ನ ಗೆಳತಿಯರ ಎದುರಿಗೇ ಅಂದಿದ್ದೆ: "ಬಟ್ಟೆ ಸಾಲ್ದಲ್ಲೇ! ಇಷ್ಟು ಸೊಂಟ ಇಟ್ಕೊಂಡು ಹೆಂಗೆ ಹಾರ್ತೀಯೇ, ಬಾತುಕೋಳಿ?" ಎಲ್ಲರೂ ನಕ್ಕರು. ನೀನೂ ನಕ್ಕೆ. ಬೊಯಾನ್ ಸುಳ್ಳು ಹೇಳಲಿಲ್ಲ, ಆ ಮಾತು ಎತ್ತಿದ್ದು ಅವನಲ್ಲ. ಆಮೇಲೆ ನಾಲ್ಕು ಸಲವೂ ಅದೇ ಟೇಪಿನಲ್ಲಿ ಅಳೆದವಳು ನಾನೇ. ಪ್ರತಿ ಸಲವೂ "ಎಷ್ಟು ಚೆನ್ನಾಗಿ ಕೂತಿದೆ ನೋಡು" ಅಂತ ನನ್ನ ಹೊಲಿಗೆಯನ್ನು ಹೊಗಳಿಕೊಂಡೆ. ಇವತ್ತು ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು, ಕ್ಲಬ್ಬಿನಿಂದ ಸ್ಕೀಗಳ ಜೊತೆ ತಂದ ನಿನ್ನ ಉಡುಪಿನ ನಾಲ್ಕೂ ಹೊಲಿಗೆ ಬಿಚ್ಚಿದೆ. ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿದಿದ್ದೆ ಅಷ್ಟೇ, ಒಂದು ಸಲವೂ ಕತ್ತರಿ ಹಾಕಿರಲಿಲ್ಲ. ನೀನು ಇದ್ದಷ್ಟು ಜಾಗ ಹಾಗೇ ಇದೆ.