ಮರೆತ ಮದುವೆಗೆ ಸಾಕ್ಷಿ ಕೇಳುವ ಅಧಿಕಾರಿಗಳಿಗೆ

ಮಾನ್ಯ ಸಂದರ್ಶನಾಧಿಕಾರಿಗಳೇ,

ಮುಂದಿನ ತಿಂಗಳು ನೀವು ನನ್ನನ್ನೂ ನನ್ನ ಗಂಡನನ್ನೂ ಅಮೆರಿಕದಲ್ಲಿರುವ ನಿಮ್ಮ ಕಚೇರಿಗೆ ಕರೆದಿದ್ದೀರಿ. ನಮ್ಮ ಮದುವೆ ನಿಜವೋ, ಗ್ರೀನ್ ಕಾರ್ಡಿಗಾಗಿ ಕಟ್ಟಿದ ನಾಟಕವೋ ಎಂದು ಇಬ್ಬರನ್ನೂ ಕೂರಿಸಿ, ಬೇಕೆನಿಸಿದರೆ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಕೇಳಲಿದ್ದೀರಿ. ಕೇಳಿ, ಅದು ನಿಮ್ಮ ಕೆಲಸ. ಆದರೆ ನನ್ನ ಗಂಡನಿಗೆ ನಮ್ಮ ಮದುವೆಯಾದದ್ದೇ ನೆನಪಿಲ್ಲ. ನಾನು ಯಾರೆಂದೂ ಗೊತ್ತಿಲ್ಲ. ಇದನ್ನು ವಕೀಲರ ಮೂಲಕ ತಿಳಿಸಿದ್ದಾಯಿತು, ವೈದ್ಯರ ವರದಿ ಕಳಿಸಿದ್ದಾಯಿತು. ಒಮ್ಮೆ ದಿನಾಂಕ ಮುಂದೆ ಹಾಕಿದಿರಿ. ಆಮೇಲೆ ಮತ್ತೆ ಅದೇ ಒಕ್ಕಣೆಯ ನೋಟಿಸು ಬಂತು: ಗಂಡ ಹೆಂಡತಿ ಇಬ್ಬರೂ ಖುದ್ದಾಗಿ ಹಾಜರಾಗತಕ್ಕದ್ದು.

ನನಗೆ ಹೆದರಿಕೆಯಾಗಿದೆ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೂ ಅದೇ ಕಾರಣ. ಇಂಗ್ಲಿಷಿನಲ್ಲಿ ಬರೆದರೆ ಪ್ರತಿ ವಾಕ್ಯವೂ ನನ್ನ ಕಡತಕ್ಕೆ ಸೇರಿ, ಯಾವುದೋ ಒಂದು ಪದ ನನ್ನ ವಿರುದ್ಧವೇ ಎದ್ದು ನಿಂತೀತು ಎಂಬ ಭಯ. ಅರ್ಜಿಯ ಭಾಷೆಯಲ್ಲಿ ಹೇಳಬೇಕಾದ್ದನ್ನು ವಕೀಲರು ಹೇಳಿದ್ದಾರೆ. ಆ ಭಾಷೆಗೆ ಬಗ್ಗದ್ದನ್ನು ನಮ್ಮ ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಯಾರಾದರೂ ನಿಮಗೆ ಓದಿ ಹೇಳಿದರೆ ಹೇಳಲಿ.

ನಾನು ಒಲಿಂಡಾ. ಊರು ಮಂಗಳೂರಿನ ಹತ್ತಿರದ ಕಿನ್ನಿಗೋಳಿ, ಮನೆಮಾತು ಕೊಂಕಣಿ. ಹರೆಯವನ್ನೆಲ್ಲ, ಈಗ ಕುಳಿತು ಬರೆಯುತ್ತಿರುವ ಇದೇ ದುಬೈಯ ಒಂದು ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಕಳೆದವಳು. ತಂಗಿ ಡೆಬೊರಾಳನ್ನು ಇಲ್ಲಿಗೆ ಕರೆಸಿ, ಅವಳ ಮದುವೆ ಮಾಡಿಸಿ, ನನ್ನ ಮದುವೆಯ ಮಾತನ್ನು ಊರಿನವರೂ ನಾನೂ ಒಟ್ಟಿಗೇ ಕೈಬಿಟ್ಟ ಕಾಲಕ್ಕೆ ಫಿಡೆಲಿಸ್ ಬಂದರು. ಬಂದದ್ದು ವರನಾಗಿ ಅಲ್ಲ, ರೋಗಿಯಾಗಿ. ಸಂಬಂಧಿಕರ ಮದುವೆಗೆಂದು ಅಮೆರಿಕದಿಂದ ದುಬೈಗೆ ಬಂದವರು, ಸಭಾಂಗಣದ ಮೆಟ್ಟಿಲಲ್ಲಿ ಕುಣಿಯಲು ಹೋಗಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಕೋಟಿನ ಜೇಬಿನಲ್ಲಿ ಇನ್ನೂ ಗುಲಾಬಿ ಸಿಕ್ಕಿಸಿಕೊಂಡು ನನ್ನ ಮೆಷಿನ್ನಿನ ಮುಂದೆ ಕುಳಿತಿದ್ದರು.

"ಅಲುಗಾಡಬೇಡಿ," ಎಂದೆ ಇಂಗ್ಲಿಷಿನಲ್ಲಿ.

ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ ಅವರು ಕೊಂಕಣಿಯಲ್ಲಿ ಹೇಳಿದರು, "ಬಾಯೆ, ಡಾನ್ಸ್ ಮಾಡಲು ಹೋಗಿ ಬಿದ್ದವನಿಗೆ ಇನ್ನು ಅಲುಗಾಡುವ ಆಸೆ ಎಲ್ಲಿಯದು?"

ಅವರ ಮೊದಲ ಹೆಂಡತಿ ಶಾರನ್ ತೀರಿಹೋಗಿ ವರ್ಷಗಳಾಗಿದ್ದವು. ಕೆವಿನ್ ಎಂಬ ಬೆಳೆದ ಮಗನಿದ್ದ. ಕ್ಲೀವ್‌ಲ್ಯಾಂಡಿನ ಒಂದು ಶಾಲೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ, ಅಮೆರಿಕದ ಪೌರತ್ವ, ಒಂದು ಸಣ್ಣ ಮನೆ. ಕೈಯ ಪಟ್ಟಿ ಬಿಚ್ಚಿದ ಮೇಲೂ ಫೋನು ಮಾಡುತ್ತಿದ್ದರು. ಮರುವರ್ಷ ಊರಿನ ಇಗರ್ಜಿಯಲ್ಲಿ, ಪಾದ್ರಿಗಳ ಮುಂದೆ, ಮದುವೆಯಾದೆವು. ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ನನ್ನ ತಲೆಗೆ ತೆಂಗಿನ ಹಾಲು ಸುರಿಯುವಾಗ ಹೆಂಗಸರು, "ಅಮೆರಿಕದ ಕಾರ್ಡ್ ಬಂತಲ್ಲ ಮಾರಾಯ್ತಿ, ಅದೃಷ್ಟ!" ಎಂದು ನಕ್ಕರು. ನಾನೂ ನಕ್ಕೆ. ಆ ತಮಾಷೆಯೇ ಮುಂದೆ ಒಂದು ಸರ್ಕಾರಿ ಅನುಮಾನವಾಗಿ ನನ್ನೆದುರು ಕೂರುತ್ತದೆಂದು ಗೊತ್ತಿರಲಿಲ್ಲ.

ನಿಮ್ಮ ಕಾನೂನು ನಿಮಗೆ ಗೊತ್ತು, ಓದುಗರಿಗಾಗಿ ಹೇಳುತ್ತೇನೆ. ಅಮೆರಿಕದ ಪ್ರಜೆಯನ್ನು ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಅಲ್ಲಿ ಕಾಲಿಟ್ಟವಳಿಗೆ ಸಿಗುವುದು ಷರತ್ತಿನ ಕಾರ್ಡು. ಎರಡು ವರ್ಷ ಬಾಳಿ ತೋರಿಸಬೇಕು. ಅವಧಿ ಮುಗಿಯುವ ಹೊತ್ತಿಗೆ ಗಂಡ ಹೆಂಡತಿ ಒಟ್ಟಾಗಿ, ಷರತ್ತು ತೆಗೆಯಿರಿ ಎಂದು ಅರ್ಜಿ ಹಾಕಬೇಕು. ನಾವು ಹಾಕಿದೆವು. ಎರಡು ವರ್ಷ ಒಟ್ಟಿಗೆ ಬಾಳಿದ ಕ್ಲೀವ್‌ಲ್ಯಾಂಡಿನ ಮನೆಯಲ್ಲಿ, ಅಡುಗೆಮನೆಯ ಮೇಜಿನಲ್ಲಿ ಕುಳಿತು ಇಬ್ಬರೂ ಸಹಿ ಮಾಡಿದೆವು. ನಿಮ್ಮ ರಸೀದಿ ಬಂತು, ತೀರ್ಮಾನವಾಗುವವರೆಗೆ ಕಾರ್ಡು ಊರ್ಜಿತವೆಂಬ ಭರವಸೆಯೂ ಅದರಲ್ಲಿತ್ತು. ಆ ಧೈರ್ಯದಲ್ಲಿ ಊರಿಗೆ ಹೋಗಿ, ಹಿಂದಿರುಗುವಾಗ ತಂಗಿಯನ್ನು ನೋಡಲೆಂದು ದುಬೈಯಲ್ಲಿ ಇಳಿದೆವು. ತಂಗಿಯ ಮನೆ ಮಿರ್ದಿಫ್‌ನಲ್ಲಿ.

ಅದೊಂದು ಶನಿವಾರ, ಬೆಳಗಿನ ತಿಂಡಿ ಮುಗಿದಿತ್ತು. ತಂಗಿಯ ಗಂಡ ಕ್ಲಾರೆನ್ಸ್ ತನ್ನ ಹಳೆಯ ಕಾರಿಗೆ ಒಂದು ಕನ್ನಡಿ ಹುಡುಕಲು ರಾಸ್ ಅಲ್ ಖೋರ್‌ನ ಗ್ಯಾರೇಜುಗಳಿಗೆ ಹೊರಟಿದ್ದ. ಮೆಷಿನ್ನಿನ ವಾಸನೆ ಬಿಟ್ಟಿರಲಾರದ ನನ್ನವರು, "ನಾನೂ ಬರ್ತೇನೆ," ಎಂದು ಬಾಗಿಲಲ್ಲಿ ಕುಳಿತು ಶೂ ಹಾಕಿಕೊಳ್ಳುತ್ತಿದ್ದರು.

"ಯಲ್ಲಾ ಬಾವ, ಬಿಸಿಲು ಏರ್ತದೆ," ಎಂದ ಕ್ಲಾರೆನ್ಸ್.

ಅವರೂ "ಯಲ್ಲಾ", ಹೊರಡುವ, ಎನ್ನಲು ಹೋದರು. ಆ ಮಾತು ಬಾಯೊಳಗೇ ಹರಡಿಹೋಯಿತು. ಬಲಗೈಯಿಂದ ಲೇಸು ಜಾರಿತು. ಅದನ್ನು ಎತ್ತಿಕೊಳ್ಳಲು ನೋಡಿದರು, ಕೈ ಬರಲಿಲ್ಲ, ನನ್ನತ್ತ ನೋಡಿದರು. ಅವರು ನನ್ನನ್ನು ಗುರುತಿಸಿ ನೋಡಿದ್ದು ಅದೇ ಕೊನೆ.

ಮಿದುಳಿನ ಆಘಾತ. ಜೀವ ಉಳಿಯಿತು. ಮಾತು ಮರಳಿತು, ಕಾಲೂ ಸ್ವಲ್ಪ ಸ್ವಲ್ಪ ಬಂತು. ಕಣ್ಣು ಬಿಟ್ಟು ನೀರು ಕೇಳಿದ ದಿನ ನಾನು ಲೋಟ ಹಿಡಿದು ಬಗ್ಗಿದೆ. ಕುಡಿದರು. ನನ್ನ ಮುಖವನ್ನೇ ಬಹಳ ಹೊತ್ತು ನೋಡಿ, "ತುಂ ಕೋಣ್?" ಎಂದರು. ನೀನು ಯಾರು, ಎಂದು. ಆಮೇಲೆ, "ಶಾರನ್ ಬಂದಿಲ್ವಾ?"

ವೈದ್ಯರು ವಿವರಿಸಿದರು: ಹಳೆಯದೆಲ್ಲ ಇದೆ, ಇತ್ತೀಚಿನ ವರ್ಷಗಳು ಹೋಗಿವೆ, ಮರಳುವ ಖಾತ್ರಿಯಿಲ್ಲ. ಬಾಯ್ಲರಿನ ಒತ್ತಡ ಎಷ್ಟಿರಬೇಕೆಂದು ಅವರು ಈಗಲೂ ಹೇಳಬಲ್ಲರು. ಬಾಲ್ಯದ ಗೆಳೆಯರ ಹೆಸರು ಹೇಳಬಲ್ಲರು. ನಾನಿರುವ ವರ್ಷಗಳು ಮಾತ್ರ ಅಳಿಸಿಹೋಗಿವೆ. ನನ್ನನ್ನು ಅವರು ನರ್ಸ್ ಎಂದು ತಿಳಿದಿದ್ದಾರೆ. ಈಗ ಬಹುವಚನದಲ್ಲಿ ಮಾತಾಡಿಸುತ್ತಾರೆ. ಸ್ನಾನ ಮಾಡಿಸುವಾಗ ನಾಚಿಕೊಂಡು ಕ್ಷಮೆ ಕೇಳುತ್ತಾರೆ. ಆದರೂ ನಾನು ಕೊಟ್ಟರೆ ಮಾತ್ರ ಉಣ್ಣುತ್ತಾರೆ.

ದುಬೈಯಲ್ಲೇ ಇದ್ದುಬಿಡಿ ಎಂದು ನೀವು ಹೇಳಬಹುದು. ಇಲ್ಲಿ ಇಬ್ಬರೂ ಸಂದರ್ಶಕರ ವೀಸಾದಲ್ಲಿರುವವರು. ಉದ್ಯೋಗ ಬಿಟ್ಟು ಹೋದವಳಿಗೆ ಈ ಪ್ರಾಯದಲ್ಲಿ ಮತ್ತೆ ಯಾರು ವೀಸಾ ಕೊಡುತ್ತಾರೆ? ಅವರ ಮನೆ, ವಿಮೆ, ಮಗ, ಮುಂದಿನ ಚಿಕಿತ್ಸೆ ಎಲ್ಲ ನಿಮ್ಮ ದೇಶದಲ್ಲಿವೆ. ನಾನು ಹೆಚ್ಚು ಕಾಲ ಹೊರಗಿದ್ದರೆ ವಾಸದ ಹಕ್ಕನ್ನೇ ಬಿಟ್ಟುಕೊಟ್ಟಳೆಂದು ನೀವು ಬರೆಯಬಹುದು. ಒಳಗೆ ಬಂದರೆ ಮದುವೆಯೇ ಸುಳ್ಳೆಂದು ಬರೆಯಬಹುದು. ಹೊರಗೂ ಭಯ, ಒಳಗೂ ಭಯ, ಇದೆಂಥ ಬಾಗಿಲು ಮಾನ್ಯರೇ?

ನೋಟಿಸು ಬಂದ ವಾರ ಕ್ಲಾರೆನ್ಸ್ ಒಂದು ಉಪಾಯ ಹೇಳಿದ. "ಒಲಿಂಡಕ್ಕ, ಮನೆಯಲ್ಲೇ ಒಂದು ಅಭ್ಯಾಸ ಮಾಡುವ. ನಾನೇ ಆಫೀಸರ್." ಊಟದ ಮೇಜಿನ ತುದಿಯಲ್ಲಿ ಕುಳಿತ. ತಂಗಿಯ ಮಗಳು ಹನಾ, ಹೈಸ್ಕೂಲು ಹುಡುಗಿ, ಇಂಟರ್‌ನೆಟ್ಟಿನಿಂದ ನಿಮ್ಮವರು ಕೇಳುವಂಥ ಪ್ರಶ್ನೆಗಳನ್ನು ಇಳಿಸಿಕೊಂಡು ಬಂದಳು. ಮಂಚದ ಯಾವ ಬದಿಗೆ ಯಾರು ಮಲಗುತ್ತೀರಿ? ಹೆಂಡತಿಯ ಹಲ್ಲುಜ್ಜುವ ಬ್ರಷ್ಷಿನ ಬಣ್ಣ ಯಾವುದು? ಡೆಬೊರಾ ಅಡುಗೆಮನೆಯಿಂದಲೇ, "ನನ್ನದು ಯಾವ ಬಣ್ಣ ಹೇಳಿ ನೋಡುವ?" ಎಂದಳು. ಕ್ಲಾರೆನ್ಸ್ ಬೆಬ್ಬೆಬ್ಬೆ ಎಂದ. ಹಸಿರು ಎಂದ, ಅದು ಹನಾಳದ್ದು. ಮದುವೆಯ ತಾರೀಕನ್ನೂ ತಪ್ಪಾಗಿ ಹೇಳಿದ. ಎಲ್ಲರೂ ನಕ್ಕೆವು, ಎಷ್ಟೋ ದಿನದ ಮೇಲೆ. ನಿಮ್ಮ ಪರೀಕ್ಷೆಯಲ್ಲಿ ನನ್ನ ತಂಗಿಯ ಸಂಸಾರ ನಪಾಸಾಗುತ್ತದೆ, ಮಾನ್ಯರೇ. ಬಣ್ಣ, ಬದಿ, ತಾರೀಕುಗಳನ್ನು ಉರುಹೊಡೆದು ಬರುವವರು ಯಾರೆಂದು ನಿಮಗೆ ತಿಳಿಯದೇ? ಬಾಯಿಪಾಠ ಮಾಡುವ ಅಗತ್ಯ ಇರುವುದು ಒಟ್ಟಿಗೆ ಬಾಳದವರಿಗೆ ಅಲ್ಲವೇ?

ಆಮೇಲೆ ಕ್ಲಾರೆನ್ಸ್ ಎದುರು ಕುಳಿತಿದ್ದ ನನ್ನವರನ್ನು ಕೇಳಿದ, "ನಿಮ್ಮ ಹೆಂಡತಿಯ ಹೆಸರು?"

"ಶಾರನ್."

"ಬಾವ, ಹಾಗಾದ್ರೆ ಇವರು ಯಾರು?" ನನ್ನತ್ತ ಕೈ ತೋರಿಸಿದ.

"ಇವರು ನರ್ಸ್. ತುಂಬ ಒಳ್ಳೆಯವರು. ಪಾಪ, ರಜೆಯೇ ಇಲ್ಲ ಇವರಿಗೆ."

ಹನಾಳಿಗೆ ತಡೆಯಲಾಗಲಿಲ್ಲ. "ಅಂಕಲ್, ಪ್ಲೀಸ್! ಜಸ್ಟ್ ಸೇ ಒಲಿಂಡಾ. ಮೈ ವೈಫ್ ಈಸ್ ಒಲಿಂಡಾ. ದಟ್ಸ್ ಆಲ್."

ಅವರು ಅವಳನ್ನೂ ನನ್ನನ್ನೂ ನೋಡಿದರು. ಮೆಲ್ಲಗೆ ಕೇಳಿದರು, "ಹಾಗೆ ಹೇಳಿದ್ರೆ ಇವರಿಗೆ ಏನಾದ್ರೂ ಉಪಕಾರ ಆಗ್ತದಾ?"

"ಆಗ್ತದೆ ಬಾವ. ಇವರಿಗೆ ಅಮೆರಿಕದ ಕಾರ್ಡು ಸಿಗ್ತದೆ," ಎಂದ ಕ್ಲಾರೆನ್ಸ್, ಅವಸರದಲ್ಲಿ.

"ಅಷ್ಟೇ ಅಲ್ವಾ? ಹಾಗಾದ್ರೆ ಹೇಳ್ತೇನೆ. ಇಷ್ಟೆಲ್ಲ ಸೇವೆ ಮಾಡಿದ್ದಾರೆ, ಒಂದು ಸುಳ್ಳು ಹೇಳಿದ್ರೆ ದೇವರು ಕ್ಷಮಿಸ್ತಾನೆ." ನನ್ನ ಕಡೆ ತಿರುಗಿ ಧೈರ್ಯ ಹೇಳುವವರಂತೆ ತಲೆಯಾಡಿಸಿದರು. "ನೀವು ಹೆದರಬೇಡಿ ಸಿಸ್ಟರ್. ಯಾರು ಕೇಳಿದ್ರೂ ನೀವು ನನ್ನ ಹೆಂಡತಿ ಅಂತ ಹೇಳ್ತೇನೆ."

ನಿಮ್ಮೆದುರು ಅವರು ಇದೇ ಮಾತಾಡಿದರೆ? ನರ್ಸಿಗೆ ಕಾರ್ಡು ಸಿಗಲೆಂದು ಮನೆಯವರು ಹೇಳಿಕೊಟ್ಟದ್ದನ್ನು ಹೇಳುತ್ತಿದ್ದೇನೆ ಎಂದು ಮುಗ್ಧವಾಗಿ ನಿಮಗೆ ತಿಳಿಸಿದರೆ? ನೀವು ಹುಡುಕುವ ವಂಚನೆಗೆ ಇದಕ್ಕಿಂತ ಸೊಗಸಾದ ಒಪ್ಪಿಗೆ ಬೇಕೇ? ನಿಜವಾದ ನನ್ನ ಮದುವೆ ಕಣ್ಣೆದುರೇ ಸುಳ್ಳಾಗಿ ಕುಳಿತಿತ್ತು, ಅದನ್ನು ಸುಳ್ಳು ಮಾಡಿದ್ದು ನಾವೇ, ಅಭ್ಯಾಸದ ಹೆಸರಿನಲ್ಲಿ. "ಖಲಾಸ್," ಎಂದೆ. "ಇನ್ನು ಯಾರೂ ಇವರಿಗೆ ಒಂದಕ್ಷರ ಕಲಿಸಬಾರದು."

ಉಳಿದದ್ದು ಕೆವಿನ್ ಬಗೆಗಿನ ಭಯ. ಮದುವೆಗೆ ಬಾರದ ಮಗ. "ಡ್ಯಾಡ್, ಶೀ ವಾಂಟ್ಸ್ ದ ಕಾರ್ಡ್," ಎಂದು ಅಂದು ಅವನು ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ನಿಮ್ಮವರು ಅವನನ್ನು ಕೇಳಿದರೆ ಏನು ಹೇಳುತ್ತಾನೆ? ಕೇಳದೆ ಇರಲಾಗಲಿಲ್ಲ. ಫೋನು ಮಾಡಿದೆ.

"ಕಂಡದ್ದನ್ನು ಹೇಳ್ತೇನೆ, ಆಂಟಿ," ಎಂದ.

"ಏನು ಕಂಡೆ ಮಗಾ?"

ಅವನು ತನ್ನ ಅರ್ಧ ಇಂಗ್ಲಿಷಿನ ಕೊಂಕಣಿಯಲ್ಲಿ ಹೇಳಿದ. ಅಮ್ಮ ಹೋದ ಮೇಲೆ ಡ್ಯಾಡ್ ಕುಳಿತು ಉಂಡದ್ದನ್ನು ಅವನು ನೋಡಿರಲಿಲ್ಲವಂತೆ. ಒಲೆಯ ಪಕ್ಕ ನಿಂತು, ಪಾತ್ರೆಯಿಂದಲೇ ತಿಂದು, ಪಾತ್ರೆ ತೊಳೆದಿಡುತ್ತಿದ್ದರಂತೆ. ನಾನು ಅಮೆರಿಕಕ್ಕೆ ಹೋದ ವರ್ಷದ ಕ್ರಿಸ್ಮಸ್ಸಿಗೆ ಮನೆಗೆ ಬಂದವನು ಕಿಟಕಿಯಿಂದ ನೋಡಿದಾಗ, ತಂದೆ ಮೇಜಿನ ಮುಂದೆ ಕುಳಿತು ಮೀನಿನ ಮುಳ್ಳು ಬಿಡಿಸುತ್ತ ನನ್ನೊಂದಿಗೆ ಜಗಳವಾಡುತ್ತಿದ್ದರಂತೆ. "ನಾನು ಬೆಲ್ ಮಾಡದೆ ಸ್ವಲ್ಪ ಹೊತ್ತು ಹೊರಗೆ ನಿಂತೆ, ಆಂಟಿ. ಅದನ್ನೇ ಬರೆದುಕೊಡ್ತೇನೆ."

ಬರೆದುಕೊಟ್ಟಿದ್ದಾನೆ, ಪ್ರಮಾಣ ಮಾಡಿ. ಏರ್‌ಪೋರ್ಟಿಗೂ ಬರುತ್ತಾನೆ. ಅವನ ಬಗೆಗಿನ ಭಯ ಹೋಯಿತು. ನಿಮ್ಮ ಬಗೆಗಿನದು ಹೋಗಿಲ್ಲ. ಪ್ರಯಾಣ ಮಾಡಬಹುದೆಂದು ವೈದ್ಯರು ಒಪ್ಪಿದ್ದಾರೆ, ಟಿಕೆಟ್ ಆಗಿದೆ, ನಾವು ಬರುತ್ತಿದ್ದೇವೆ.

ನಿನ್ನೆ ಪೆಟ್ಟಿಗೆ ಕಟ್ಟುತ್ತಿದ್ದಾಗ ಅವರು ಕುರ್ಚಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು.

"ಸಿಸ್ಟರ್, ನಿಮಗೆ ಮದುವೆ ಆಗಿದೆಯಾ?"

"ಆಗಿದೆ."

"ಗಂಡ ಒಳ್ಳೆಯವರಾ?"

"ಒಳ್ಳೆಯವರು."

"ಮತ್ತೆ ಅವರನ್ನು ಒಬ್ಬರನ್ನೇ ಬಿಟ್ಟು ನನ್ನ ಜೊತೆ ಇಷ್ಟು ದೂರ ಬರ್ತೀರಲ್ಲ, ಅವರು ಏನೂ ಹೇಳುವುದಿಲ್ವಾ?"

ಮಡಚಿಟ್ಟ ಅವರ ಸ್ವೆಟರನ್ನೇ ಬಿಚ್ಚಿ ಮತ್ತೆ ಮಡಚಿದೆ.

ಮಾನ್ಯರೇ, ನನ್ನ ಬೇಡಿಕೆ ಇಷ್ಟು. ನನ್ನನ್ನು ಎಷ್ಟು ಹೊತ್ತು ಬೇಕಾದರೂ ಪ್ರಶ್ನಿಸಿ. ಕೆವಿನ್‌ನನ್ನು ಕರೆಸಿ, ನಮ್ಮ ಬೀದಿಯವರನ್ನು ಕೇಳಿ, ಮನೆಗೆ ಬಂದು ಕಪಾಟು ತೆರೆಸಿ. ಆದರೆ ಅವರನ್ನು ನನ್ನಿಂದ ಬೇರೆ ಕೋಣೆಗೆ ಒಯ್ಯಬೇಡಿ. ಗುರುತಿಲ್ಲದ ಗೋಡೆಗಳ ನಡುವೆ ಅವರು ಗಾಬರಿಯಾಗುತ್ತಾರೆ. ಹೆಂಡತಿ ಯಾರೆಂದು ಕೇಳಬೇಡಿ. ಕೇಳಿಯೇ ತೀರಬೇಕೆಂದು ನಿಯಮವಿದ್ದರೆ, ಅವರು ನನ್ನನ್ನು ತೋರಿಸಿ "ಇವರು ನನ್ನ ಹೆಂಡತಿಯಲ್ಲ" ಎಂದಾಗ, ಅದನ್ನು ಕಾಯಿಲೆಯ ಲಕ್ಷಣವೆಂದು ಬರೆದುಕೊಳ್ಳಿ. ನನ್ನ ಅಪರಾಧವೆಂದು ಬರೆಯಬೇಡಿ.

ಇಂತಿ,
ಕರೆದಲ್ಲಿಗೆ ಹೆದರಿಕೊಂಡೇ ಬರುತ್ತಿರುವ,
ಬಾರದೆ ಬೇರೆ ದಾರಿಯಿಲ್ಲದ
ಒಲಿಂಡಾ
ಮಿರ್ದಿಫ್, ದುಬೈ