ಪಪ್ಪನ ಹೊಸ ಕನ್ನಡಕ

ಸಾಂತಾ ರೀತಾ ವಾಡೆ, ಸಾಷ್ಟಿ, ಗೋವಾ
೨೬ ನವೆಂಬರ್ ೧೯೯೧

ಪ್ರೀತಿಯ ವಾರಿಸ್ತ್,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಕೈ ಸುಟ್ಟುಕೊಂಡೆ ಎಂದು ನೀನು ಬರೆದಿದ್ದೆ, ಗುಳ್ಳೆ ಆರಿತಾ? ಮೊಣಕಾಲಿಗೆ ನಾನು ಕಟ್ಟಿಕೊಟ್ಟ ಎಣ್ಣೆ ಹಚ್ಚಿಕೋ, ಪೆಟ್ಟಿಗೆಯ ತಳದಲ್ಲಿಟ್ಟು ಮರೆಯಬೇಡ. ಐಡಾ ಚೆನ್ನಾಗಿದ್ದಾಳೆ. ಮುಂದಿನ ಎರಡು ಹಲ್ಲು ಬಿದ್ದಿವೆ, ಫೋಟೋ ಎಂದರೆ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ನಿನ್ನ ಅಪ್ಪನಿಗೂ ಜ್ವರ ಗಿರ ಏನಿಲ್ಲ. ಊಟ ಕಡಿಮೆಯಾಗಿದೆ, ಮಾತು ಅದಕ್ಕಿಂತ ಕಡಿಮೆಯಾಗಿದೆ. ಯಾಕೆಂದು ಹೇಳುತ್ತೇನೆ, ಓದು.

ನಮ್ಮ ಇಗರ್ಜಿಯ ಹಬ್ಬಕ್ಕೆ ಹತ್ತು ದಿನ ಇರುವಾಗ ಪಪ್ಪ ತಮ್ಮ ಕನ್ನಡಕದ ಮೇಲೆ ತಾವೇ ಕೂತುಬಿಟ್ಟರು. ಎಲ್ಲಿಟ್ಟೆ, ಎಲ್ಲಿಟ್ಟೆ ಎಂದು ಅರ್ಧ ಗಂಟೆ ನನ್ನನ್ನು ಬೈದು, ಕೊನೆಗೆ ಎದ್ದರೆ ಅವರ ಕೆಳಗೇ ಪುಡಿಯಾಗಿತ್ತು. ನಾನು ನಗಲಿಲ್ಲ, ಅಡುಗೆಮನೆಗೆ ಹೋಗಿ ನಕ್ಕೆ. ಈ ಸಲದ ಹಬ್ಬ ಅವರಿಗೆ ಎಂಥದು ಎಂದು ನಿನಗೆ ಗೊತ್ತೇ ಇದೆ. ಇಗರ್ಜಿಯ ಗಾಯನತಂಡಕ್ಕೆ ಹಾಡು ಕಲಿಸುವ ಮೆಸ್ತ್ರೆಯಾಗಿ ಪಿಟೀಲು ಹಿಡಿದು ಐವತ್ತನೆಯ ವರ್ಷ. ವಿಗಾರ್ ಪಾದ್ರಿಯವರು ಹಳೆಯ ಕಪಾಟಿನಿಂದ ಒಂದು ಲ್ಯಾಟಿನ್ ಗೀತೆ ಹುಡುಕಿ ತೆಗೆದಿದ್ದರು, ಮೂವತ್ತು ವರ್ಷದಿಂದ ಯಾರೂ ನುಡಿಸದೇ ಇದ್ದದ್ದು. ಅದನ್ನು ನುಡಿಸಿದ ಮೇಲೆ ಪಪ್ಪನಿಗೆ ಹಾರ ಹಾಕುವುದು ಎಂದು ನಿಶ್ಚಯವಾಗಿತ್ತು. ಅದರ ಸ್ವರಗಳನ್ನು ದೊಡ್ಡ ಅಕ್ಷರದಲ್ಲಿ ನಕಲು ಮಾಡಿಕೊಟ್ಟವಳು ನಾನೇ, ಏಳು ವರ್ಷದಿಂದ ಎಲ್ಲವನ್ನೂ ಮಾಡಿಕೊಟ್ಟ ಹಾಗೆ. ವರ್ಷ ವರ್ಷಕ್ಕೂ ನನ್ನ ಸ್ವರಗಳು ದಪ್ಪವಾಗುತ್ತಾ ಹೋದವು, ಈಗ ಒಂದೊಂದೂ ಗೋಡಂಬಿಯಷ್ಟಿದೆ. ಊರಿನವರ ಮುಂದೆ ಮಾತ್ರ ಅವರದು ಅದೇ ಮಾತು, ಎಲ್ಲ ಬಾಯಿಪಾಠ, ಮುಂದಿರುವ ಕಾಗದ ಬರೀ ಮರ್ಯಾದೆಗೆ.

ಮಡಗಾಂವಿಗೆ ಕನ್ನಡಕದಂಗಡಿಗೆ ಕರೆದುಕೊಂಡು ಹೋದೆ. ನಮ್ಮ ಗಾಯನತಂಡದ ಬೆನಿತ್ ಬಸ್ಸಿನಲ್ಲಿ ಸಿಕ್ಕಿದ. ತನ್ನ ತಾಯಿಯ ಕನ್ನಡಕ ತರಲು ಅವನೂ ಅದೇ ಅಂಗಡಿಗೆ ಬಂದ. ಅಂಗಡಿಯ ರಾಯ್ಕರ್ ಒಳ್ಳೆಯ ಮನುಷ್ಯ. ಪರೀಕ್ಷೆ ಮುಗಿಸಿ ಕೇಳಿದ, "ಇವರು ದಿನವಿಡೀ ಏನ್ ಮಾಡ್ತಾರೆ? ಅದಕ್ಕೆ ತಕ್ಕ ಹಾಗೆ ಗಾಜು ಹಾಕಬೇಕು." ಪಪ್ಪ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಅವರಿಗೇನು ಕೆಲಸ? ಪೇಪರು, ಜಗಲಿ, ಅಷ್ಟೇ." ರಾಯ್ಕರ್ ಅವರ ಎಡ ದವಡೆಯ ಕೆಳಗಿನ ಕಪ್ಪು ಕಲೆ ನೋಡಿ, "ಪಿಟೀಲು ನುಡಿಸ್ತೀರಾ?" ಎಂದ. ಆಗ ನಾನು ಬೆನಿತ್‌ನ ಕಡೆ ತಿರುಗಿ, ಅವನಿಗೆ ಕೇಳುವಷ್ಟು ಜೋರಾಗಿ, "ಪಪ್ಪಾ, ನಿಮಗೆ ಸ್ವರ ನೋಡಿಕೊಂಡು ನುಡಿಸಬೇಕಾ? ಕಾಗದ ಇಡುವ ಸ್ಟ್ಯಾಂಡಿನ ದೂರಕ್ಕೆ ಬೇರೆ ಗಾಜು ಬೇಕಾ?" ಎಂದು ಕೇಳಿದೆ. ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ಹಾಗೇ ಹೇಳಿದರು. "ನನಗ್ಯಾಕೆ ಕಾಗದ? ಐವತ್ತು ವರ್ಷದಿಂದ ಬಾಯಿಪಾಠ. ಇವಳ ಮಾತು ಕೇಳಬೇಡಿ, ಪೇಪರ್ ಓದೋಕೆ ಆದ್ರೆ ಸಾಕು." ಬೆನಿತ್ ಭಕ್ತಿಯಿಂದ ತಲೆಯಾಡಿಸಿದ. ಹೀಗೆ ಬೈಫೋಕಲ್ ಆಯಿತು, ಮೇಲಿನ ಪಾಲು ದೂರಕ್ಕೆ, ಕೆಳಗಿನ ಪಾಲು ಕೈಯಲ್ಲಿ ಹಿಡಿದ ಪೇಪರಿಗೆ.

"ಅವರಿಗೇನು ಕೆಲಸ" ಎಂಬ ಮಾತು ನಿನಗೆ ಎಲ್ಲೋ ಕೇಳಿದ ಹಾಗಿದೆಯಾ? ಐಡಾಳನ್ನು ಹೆತ್ತು ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ, ನನ್ನ ಅಪ್ಪ ಕೊಟ್ಟ, ನಾನು ನುಡಿಸುತ್ತಿದ್ದ ಪಿಟೀಲನ್ನು ಪಣಜಿಯ ಹೋಟೆಲ್ ಬ್ಯಾಂಡಿನವನಿಗೆ ಮಾರಿದ ಮೇಲೆ ನಿನ್ನ ಅಪ್ಪ ಹೇಳಿದ್ದು ಅದನ್ನೇ. "ಅವಳಿಗೇನು ಕೆಲಸ? ಒಲೆ, ಮಗು, ಅಷ್ಟೇ." ಪೆಟ್ಟಿಗೆ ಮಾತ್ರ ಮಾರಲಿಲ್ಲ, ಗಟ್ಟಿಯಾಗಿತ್ತಲ್ಲ, ತಮ್ಮ ಪಿಟೀಲಿಗೆ ಇಟ್ಟುಕೊಂಡರು. ಏಳು ವರ್ಷ ಪ್ರತಿ ಭಾನುವಾರ ಆ ಪೆಟ್ಟಿಗೆ ಅವರ ಕೈಯಲ್ಲಿ ಇಗರ್ಜಿಗೆ ಹೋಗುವುದನ್ನು ನೋಡಿದ್ದೇನೆ. ನಿನ್ನ ಹತ್ತಿರ ಅತ್ತಾಗ ನೀನು ಏನು ಹೇಳಿದೆ? "ಹೋಗಲಿ ಬಿಡು."

ಕನ್ನಡಕ ಕೈಗೆ ಬಂದದ್ದು ಹಬ್ಬದ ಹಿಂದಿನ ಸಂಜೆ. ಹಾಕಿಕೊಂಡು ಪೇಪರ್ ಓದಿದರು, ರಸ್ತೆಯಾಚೆಯ ತೆಂಗಿನಕಾಯಿ ಎಣಿಸಿದರು, ಖುಷಿಯಿಂದ ಐಡಾಳಿಗೆ ಮಿಠಾಯಿ ಕೊಟ್ಟರು. ಮಾರನೆಯ ದಿನ ಇಗರ್ಜಿ ಕಿಕ್ಕಿರಿದಿತ್ತು. ಅಟ್ಟದ ಮೇಲೆ ಗಾಯನತಂಡ, ಕೆಳಗೆ ಹೆಂಗಸರ ಬೆಂಚಿನಲ್ಲಿ ನಾನು. ಮೊದಲ ಸಾಲು ಚೆನ್ನಾಗಿಯೇ ಬಂತು. ಎರಡನೆಯದಕ್ಕೆ ಅವರು ಕಾಗದ ನೋಡಲೇಬೇಕಾಯಿತು. ಸ್ಟ್ಯಾಂಡು ಇರುವುದು ಎರಡೂವರೆ ಅಡಿ ದೂರದಲ್ಲಿ. ಮೇಲಿನ ಗಾಜಿಗೆ ಅದು ತೀರಾ ಹತ್ತಿರ. ಕೆಳಗಿನ ಗಾಜಿನಲ್ಲಿ ನೋಡೋಣವೆಂದರೆ ಗದ್ದ ಮೇಲೆತ್ತಬೇಕು, ಗದ್ದ ಎತ್ತಿದರೆ ಪಿಟೀಲು ಹಿಡಿಯುವವರು ಯಾರು? ಎತ್ತಿದರು. ಪಿಟೀಲು ಜಾರಿತು, ಕಮಾನು ಕಿರ್ ಎಂದು ಚೀರಿತು. ಬೆನಿತ್ ಒಂದು ಕಡೆ, ಮಿಕ್ಕವರು ಒಂದು ಕಡೆ ಹಾಡಿ ನಿಂತೇಬಿಟ್ಟರು. ಊರೆಲ್ಲ ಕತ್ತು ತಿರುಗಿಸಿ ಮೇಲೆ ನೋಡಿತು. ನಾನೂ ನೋಡಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಸಂತೋಷವಾಯಿತು.

ಹಾರ ಹಾಕಿದರು, ಪಾಪ. ಅಳುವವರ ಕೊರಳಿಗೆ ಹಾಕಿದಂತಿತ್ತು. ಮನೆಗೆ ಬಂದು ನನ್ನ ಕೈ ಹಿಡಿದು, "ಕ್ಲೆಮೆಂತೀನಾ, ಸ್ವರಗಳೆಲ್ಲ ಕಲಸಿಹೋದವು ಮಗಳೇ, ನನ್ನ ಕಣ್ಣು ಹೋಯ್ತು" ಎಂದರು. ಮಗಳೇ ಎಂದು ಕರೆದದ್ದು ಅದೇ ಮೊದಲು. "ವಯಸ್ಸಾಯ್ತಲ್ಲ ಪಪ್ಪಾ, ಸಾಕು ಮಾಡಿ" ಎಂದು ಸೂಪು ಕೊಟ್ಟೆ. ಆಮೇಲೆ ಅವರು ಪಿಟೀಲು ಮುಟ್ಟಿಲ್ಲ. ಕ್ರಿಸ್ಮಸ್ ಪೂಜೆಗೆ ನುಡಿಸಲು ವಿಗಾರ್ ಪಾದ್ರಿಯವರು ನನ್ನನ್ನು ಕೇಳಿದ್ದಾರೆ. ಪಿಟೀಲು ಪಪ್ಪನದೇ, ಪೆಟ್ಟಿಗೆ ನನ್ನದೇ. ದಿನಾ ಸಂಜೆ ಅಭ್ಯಾಸಕ್ಕೆ ಹೋಗುವಾಗ ಪಪ್ಪ ಜಗಲಿಯಲ್ಲಿ ಕೂತು, ನಾನು ಗದ್ದೆ ದಾಟಿ ಇಗರ್ಜಿಯ ಬಾಗಿಲು ಹೊಗುವ ತನಕ ನೋಡುತ್ತಾರೆ. ದೂರದ್ದು ಬಹಳ ಚೆನ್ನಾಗಿ ಕಾಣುತ್ತದಂತೆ.

ಐಡಾಳ ಮುತ್ತು, ಪಪ್ಪನ ಆಶೀರ್ವಾದ. ಸಮುದ್ರದ ತಾಯಿ ನಿನ್ನನ್ನು ಕಾಯಲಿ. ಬೆಚ್ಚಗಿರು.

ನಿನ್ನ
ಕ್ಲೆಮೆಂತೀನಾ

ತಾ.ಕ.: ಅಂಚೆಯವನು ಗೇಟಿನಲ್ಲಿ ಕಾಯುತ್ತಿದ್ದಾನೆ. ಒಂದು ಮಾತು ಬಿಟ್ಟುಹೋಯಿತು. ರಾಯ್ಕರ್ ಅವತ್ತು ನನ್ನನ್ನು ಹಿಂದಕ್ಕೆ ಕರೆದು, "ಬಾಯೀ, ಅವರು ಬೇಡ ಅಂದ್ರೂ ಸ್ಟ್ಯಾಂಡಿನ ದೂರಕ್ಕೆ ಇನ್ನೊಂದು ಕನ್ನಡಕ ಮಾಡಿಸಿ, ಮೊದಲಿನ ಹಾಗೇ ನುಡಿಸ್ತಾರೆ, ನಾಲ್ಕೇ ದಿನದ ಕೆಲಸ" ಎಂದು ಬೇರೆ ಚೀಟಿ ಬರೆದುಕೊಟ್ಟಿದ್ದ. ಅದು ನನ್ನ ಪ್ರಾರ್ಥನೆ ಪುಸ್ತಕದಲ್ಲಿದೆ, ಪಪ್ಪನಿಗೆ ಗೊತ್ತಿಲ್ಲ. ಮಾಡಿಸಬೇಕಾ ಬೇಡವಾ, ನಿನ್ನ ಅಪ್ಪ, ನೀನೇ ಹೇಳು. "ಹೋಗಲಿ ಬಿಡು" ಎಂದು ಬರೆದರೂ ಸರಿ, ಹಾಗೇ ಮಾಡುತ್ತೇನೆ.